ಮೂವತ್ತೆಂಟು ಟನ್ನು

ನಲವತ್ತು ವರ್ಷ ಗ್ಯಾಂಡರಿನಲ್ಲಿ
ಊರೂರ ವಿಮಾನಗಳಿಗೆ ಎಣ್ಣೆ ಕುಡಿಸಿದವನು ನಾನು.
ರೆಕ್ಕೆಯ ಅಡಿಯಲ್ಲೇ ಸವೆಯಿತು ನೆತ್ತಿ;
ಮೇಲ್ಮೈ ಯಾವ ಬಣ್ಣವೋ ನೋಡಿದವನಲ್ಲ.

ಈಗ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ,
ಮೊಮ್ಮಗಳು ಬಿಟ್ಟುಹೋದ ಕಂಪ್ಯೂಟರಿನಲ್ಲಿ
ನನ್ನದೇ ಒಂದನ್ನು ಕಟ್ಟುತ್ತಿದ್ದೇನೆ.
ಟ್ರೈಫೀನಾ ಮೆಟ್ಟಿಲ ಮೇಲಿಂದ ಕೂಗುತ್ತಾಳೆ:
"ಎಲ್ಡ್ರೆಡ್, ಮುಗಿಯಲಿಲ್ಲವೇ ಇನ್ನೂ ನಿನ್ನ ತಿಮಿಂಗಿಲ?"

ಮುಗಿಯುವುದು ಹೇಗೆ?
ಮೊದಲ ಸಲ ಮೂಗನ್ನೇ ಎತ್ತಲಿಲ್ಲ. ರನ್‌ವೇ ಮುಗಿಯಿತು,
ಬೇಲಿ ಮುಗಿಯಿತು, ಹೆದ್ದಾರಿ ದಾಟಿ ಕೆರೆಗೆ ಬಿತ್ತು.
ಎರಡನೆಯ ಸಲ ಎತ್ತಿದ ಮೂಗು ಇಳಿಸಲಿಲ್ಲ,
ಹಟದ ಕುದುರೆಯಂತೆ ಹಿಂಗಾಲ ಮೇಲೆ ನಿಂತು
ಬಾಲದ ಮೇಲೇ ಕುಸಿಯಿತು.
ಫೋನಿನಲ್ಲಿ ಆಂಬ್ರೋಸ್ ನಕ್ಕ:
"ತೂಕದ ನಡು ಒಂದು ಗೇಣು ಹಿಂದಾದರೂ ಕೆಟ್ಟಿತು ಮಾರಾಯ."
ರೆಕ್ಕೆ ಉದ್ದ ಮಾಡಿದೆ; ಬಾಗಿ ನೆಲ ಉಜ್ಜಿತು.
ಆರು ಎಂಜಿನ್ನು. ಆಮೇಲೆ ಎಂಟು.
ಗಾಲಿ ಇಪ್ಪತ್ತೆಂಟು. ಜರಿ ಹರಿದಂತೆ ಬರುತ್ತದೆ ಈಗ.

"ಇಷ್ಟು ಅಗಲ ಯಾಕೋ? ರೈಲೆಂಜಿನ್ನು ಸಾಗಿಸ್ತೀಯಾ?"
ಇಪ್ಪತ್ತಾರು ಅಡಿ ಅಗಲ, ಮೂವತ್ತೆರಡು ಉದ್ದ,
ಸೂರಿನ ತುದಿಗೆ ಇಪ್ಪತ್ತೆರಡು, ಎಂದೆ.
ಸೂರು ಎಂದದ್ದಕ್ಕೆ
ಅವನು ಸುಮ್ಮನಾದ.

ನನಗೆ ಒಂಬತ್ತು. ದ್ವೀಪ ಖಾಲಿ ಮಾಡಿ ಎಂದಿತ್ತು ಸರ್ಕಾರ:
ಮೇಷ್ಟರಿಲ್ಲ, ಡಾಕ್ಟರಿಲ್ಲ, ಅಂಚೆ ದೋಣಿ ಇನ್ನು ಬರುವುದಿಲ್ಲ.
ಜನ ಮನೆ ಬಿಟ್ಟು ಹೊರಡಲಿಲ್ಲ;
ಮನೆಯನ್ನೇ ಕರೆದುಕೊಂಡು ಹೊರಟರು.
ಬುಡದಿಂದ ಎಬ್ಬಿಸಿ, ಸುತ್ತ ಖಾಲಿ ಪೀಪಾಯಿ ಕಟ್ಟಿ,
ಭರತಕ್ಕೆ ಕಾದು, ದಿಮ್ಮಿಗಳ ಮೇಲೆ ಜಾರಿಸಿ
ಕಡಲಿಗೆ ಇಳಿಸಿದರು.
ಅಮ್ಮ ಕಿಟಕಿಯ ಪರದೆಯನ್ನೂ ಬಿಚ್ಚಿರಲಿಲ್ಲ.
ನಾಲ್ಕು ದೋಣಿ ಮುಂದೆ; ಹಿಂದೆ ನಮ್ಮ ಹಳದಿ ಮನೆ
ತಲೆ ಅಲ್ಲಾಡಿಸುತ್ತ, ಒಲ್ಲೆ ಒಲ್ಲೆ ಎನ್ನುತ್ತ.

ಕೊಲ್ಲಿಯ ನಡುವೆ ಗಾಳಿ ತಿರುಗಿತು.
ಹಗ್ಗ ಕಡಿದವರು ಯಾರು, ಈವರೆಗೆ ಮಾತಿಲ್ಲ.
ದೋಣಿಯಲ್ಲಿ ಆಂಬ್ರೋಸನ ಅಪ್ಪ ಇದ್ದ, ಕೊಡಲಿ ಇತ್ತು.
ದೋಣಿಯಲ್ಲಿ ನಾವೂ ಇದ್ದೆವು.
ಕೊನೆಗೆ ಮುಳುಗಿದ್ದು ಮಾಳಿಗೆಯ ಕಿಟಕಿ.
ಅಮ್ಮನ ಮಡಿಲಲ್ಲಿ ಗೋಡೆ ಗಡಿಯಾರ,
ನಡೆಯುತ್ತಲೇ ಇತ್ತು.

ಪರದೆಯ ಮೇಲೆ ಆ ದ್ವೀಪ ಒಂದು ಹಸಿರು ಕಲೆ.
ಇಗರ್ಜಿಯಿಲ್ಲ, ಗೋರಿಗಳೂ ಇಲ್ಲ.
ನನ್ನ ವಿಮಾನ ಇಳಿಯಲು ಮೂರು ಸಾವಿರ ಮೀಟರು ಬೇಕು;
ದ್ವೀಪವೇ ಒಂಬೈನೂರು.
ಇಷ್ಟೆಲ್ಲ ಕಟ್ಟಿದ ಮೇಲೆ ಹೊಳೆಯಿತು ಇದು.

ಆದರೆ ಒಂದು ಗುಂಡಿ ಇದೆ: ಆಕಾಶದಲ್ಲೇ ಆರಂಭಿಸು.
ಸರಕಿನ ಕಾಲಮ್ಮಿನಲ್ಲಿ ಮೂವತ್ತೆಂಟು ಟನ್ನು ತುಂಬಿ
ಒತ್ತಿದೆ.
ದ್ವೀಪದ ನೆತ್ತಿಗೆ ಎರಡು ಸಾವಿರ ಅಡಿ. ಹೊಟ್ಟೆಯಲ್ಲಿ ಮನೆ.
ತಿರುಗಿಸಿದರೆ ತಡವಾಗಿ ತಿರುಗಿತು, ನಿದ್ದೆಹೋದ ಕೂಸನ್ನು
ಹೆಗಲಿಂದ ಹೆಗಲಿಗೆ ಬದಲಿಸಿದ ಹಾಗೆ.
ಹೊರಗಿನ ಕ್ಯಾಮೆರಾದಲ್ಲಿ ರೆಕ್ಕೆಯ ಮೇಲ್ಮೈ ನೋಡಿದೆ:
ಬಣ್ಣ ಬಳಿಯುವುದನ್ನೇ ಮರೆತಿದ್ದೆ.
ಆಂಬ್ರೋಸ್ ಫೋನಿನಲ್ಲೇ ಇದ್ದ.
ನಾನು ಎತ್ತರ ಓದುವುದು, ಅವನು ಹೂಂ ಎನ್ನುವುದು.
ಕೊಲ್ಲಿಯ ಮೇಲೆ ಹೂಂ ಎನ್ನಲಿಲ್ಲ.

ಗ್ಯಾಂಡರಿಗೆ ಮಂಜು. ನಿಜದ ಹವೆಯನ್ನೇ ಹಾಕಿದ್ದೆ;
ನೆಲಮಾಳಿಗೆಯ ಗೇಣಗಲ ಕಿಟಕಿಯಲ್ಲೂ ಅದೇ ಮಂಜು.
ದೀಪದ ಸಾಲು ಕಂಡದ್ದು ಕೊನೆಯ ಗಳಿಗೆಗೆ.
ಮೂರು ಟೈರು ಸಿಡಿದವು. ಇಪ್ಪತ್ತೈದು ತಡೆದವು.
ನಿಂತಿತು.

"ಬಂತಾ?"
"ಬಂತು."
"ಒದ್ದೆಯಾಗಿದೆಯಾ?"
"ಇಲ್ಲ ಆಂಬ್ರೋಸ್. ಒಂದು ಹನಿಯೂ ಇಲ್ಲ."
ಆ ಕಡೆ ಕುರ್ಚಿ ಸರಿದ ಸದ್ದು. ಫೋನು ಇಡಲಿಲ್ಲ ಅವನು.

ಸರಕು ಇಳಿಸು ಎಂದು ಇನ್ನೊಂದು ಗುಂಡಿ.
ಒತ್ತಿದರೆ ಸೊನ್ನೆ ಬರುತ್ತದೆ, ಗೊತ್ತು.
ಒತ್ತಲಿಲ್ಲ. ಎಂಟು ಎಂಜಿನ್ನೂ ಒಂದೊಂದಾಗಿ ಆರಿಸಿದೆ.
ಅಷ್ಟರಲ್ಲಿ ಯಾರೂ ಕರೆಯದೆ
ಎಣ್ಣೆಯ ಗಾಡಿಯೊಂದು ಬಂದು ನಿಂತಿತು ಕೆಳಗೆ;
ಕಣ್ಣು ಮೂಗು ಬರೆಯದ ಮುಖದವನೊಬ್ಬ
ತಲೆ ಎತ್ತದೆ
ರೆಕ್ಕೆಯ ಅಡಿಗೆ ನಡೆದು ಬಂದ.